ಒಣ ಹಲಗೆಗೆ ತಕ್ಕ ಚೆಂಡು

ಬಾಗಲಕೋಟೆ ಸ್ಟೇಶನ್ನಿನ ಪಾರ್ಸಲ್ ಕಾರಕೂನ ಪಂಢರೀನಾಥ ಎರಡು ವರ್ಷದಿಂದ ಚೆಂಡು ಮುಟ್ಟಿರಲಿಲ್ಲ. ಪೆಟ್ಟಿಗೆಯೊಂದು ಬಿದ್ದು ಅವನ ಬಲಗೈಯ ಉಂಗುರಬೆರಳು ಸೆಟೆದುಹೋಗಿತ್ತು. ರೈಲ್ವೆ ನೌಕರರ ಕ್ಲಬ್ಬಿನಲ್ಲಿ ಉದ್ದನೆಯ ಹಲಗೆಯ ಹಾದಿಯೊಂದಿತ್ತು. ಬೆರಳು ತೂರಿಸಲು ತೂತುಗಳಿರುವ ಕಟ್ಟಿಗೆಯ ಚೆಂಡನ್ನು ಅದರ ಮೇಲೆ ಉರುಳಿಸಿ ಆ ತುದಿಯ ಗೂಟಗಳನ್ನು ಕೆಡವುವ ಆಟ. ೧೯೫೬ರ ಏಪ್ರಿಲಿನಲ್ಲಿ ಗದಗಿನವರು ಪಂದ್ಯಕ್ಕೆ ಬರುವವರಿದ್ದರು. ಇಲ್ಲಿಯ ಆಟಗಾರರೊಬ್ಬರು ವರ್ಗವಾಗಿ ಹೋಗಿದ್ದರಿಂದ ಅವನನ್ನು ಕರೆದರು.

ಅವನು ಹೂಂ ಅಂದ. ಆದರೆ ಚೆಂಡು ಜಾರಲೆಂದು ಹಲಗೆಗೆ ಹಚ್ಚಿದ್ದ ಎಣ್ಣೆಯೆಲ್ಲ ಆ ಬಿಸಿಲಿಗೆ ಆರಿತ್ತು. ಅಭ್ಯಾಸಕ್ಕೆ ನಿಂತರೆ ಚೆಂಡು ಅರ್ಧ ಹಾದಿಯಲ್ಲೇ ಹಲಗೆ ಕಚ್ಚಿ, ಎಡಕ್ಕೆ ಹೊರಳಿ ಪಕ್ಕದ ಗಟಾರಕ್ಕೆ ಬೀಳುತ್ತಿತ್ತು.

ಹೆಂಡತಿ ತುಳಸೀಬಾಯಿಯ ತವರು ಇಳಕಲ್ಲು. ಅಲ್ಲಿ ಮಗ್ಗದ ಲಾಳಿ ಮಾಡುವ ಇಬ್ರಾಹಿಂಸಾಬರಿದ್ದಾರೆ, ನೂಲಿಗೆ ತೊಡಕದಂತೆ ಕಟ್ಟಿಗೆ ನುಣುಪು ಮಾಡುವುದು ಅವರಿಗೆ ಗೊತ್ತು ಎಂದಳು. ರವಿವಾರ ಅವನು ಎರಡು ಚೆಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಹುನಗುಂದದ ಮೇಲೆ ಇಳಕಲ್ಲಿಗೆ ಹೋಗುವ ಬಸ್ಸು ಹತ್ತಿದ.

ಇಬ್ರಾಹಿಂಸಾಬರು ಆ ಆಟವನ್ನು ಕಂಡವರೇ ಅಲ್ಲ. ಪಂಢರೀನಾಥ ಆಟವನ್ನೂ ಒಣಗಿದ ಹಲಗೆಯನ್ನೂ ವಿವರಿಸಿದ ಮೇಲೆ ಎರಡೂ ಚೆಂಡುಗಳನ್ನು ಅಂಗೈಯಿಂದ ಸವರಿದರು. ಹೊಸದರ ಮೈ ಒರಟು, ಅದನ್ನು ಬದಿಗಿಟ್ಟರು. ಸವೆದು ನುಣುಪಾಗಿದ್ದ ಹಳೆಯದನ್ನು ಅವನ ಕೈಗೆ ಕೊಟ್ಟು, ಅಂಗಡಿಯಲ್ಲೇ ನಾಲ್ಕು ಸಲ ಉರುಳಿಸಲು ಹೇಳಿ ಅವನ ಬೆರಳುಗಳನ್ನು ಗಮನಿಸಿದರು.

"ತಪ್ಪು ಬರೇ ಹಲಗೀದಲ್ರಿ," ಅಂದರು. "ನಿಮ್ಮ ಬೆರಳು ತೂತಿನಾಗ ಸಿಗತೈತಿ. ಬಿಡಿಸಿಕೊಳ್ಳಾಕ ಹೋಗಿ ಚೆಂಡು ತಿರುವ್ತೀರಿ."

"ಇನ್ನ ಆಡ್ಲಿಕ್ಕೆ ಆಗೂದಿಲ್ಲ ಅಂತ ತಿಳ್ಕೊಂಡಿದ್ದೆ," ಎಂದ ಪಂಢರೀನಾಥ.

"ಕೈ ಹೆಂಗೈತೋ ಹಂಗ ತೂತು ಮಾಡೂಣು."

ಹಳೆಯ ತೂತಿಗೆ ಕಟ್ಟಿಗೆ ಬಡಿದು ಮುಚ್ಚಿ, ಸೆಟೆದ ಬೆರಳು ಸಲೀಸಾಗಿ ಹೊರಬರುವಂತೆ ತುಸು ಓರೆಯಾಗಿ ಬೇರೆ ತೂತು ಕೊರೆದರು. ಮೂರು ಸಲ ಅವನ ಕೈಯಿಟ್ಟು ನೋಡಿ ತಿದ್ದಿದರು. ಕೊನೆಗೆ ಮೇಣ ಹಚ್ಚಿ ಮಿರುಗುವ ತನಕ ಉಜ್ಜಿದರು.

ಪಂದ್ಯದ ದಿನ ಚೆಂಡು ಹಲಗೆಯ ಮೇಲೆ ಜಾರುತ್ತ ನೆಟ್ಟಗೆ ಹೋಗಿ, ಗೂಟಗಳ ಸಮೀಪ ಮಾತ್ರ ಸ್ವಲ್ಪ ಎಡಕ್ಕೆ ಹೊರಳಿತು. ಹತ್ತರಲ್ಲಿ ಎಂಟು ಗೂಟ ಬಿದ್ದವು. ಪಂಢರೀನಾಥ ತನ್ನ ಕೈಯನ್ನೇ ನೋಡುತ್ತ ನಿಂತುಬಿಟ್ಟ. ಹಿಂದಿನವರು ಸರಿಯಲು ಹೇಳಬೇಕಾಯಿತು.

ಮುಂದಿನ ರವಿವಾರ ಅವನು ತುಳಸೀಬಾಯಿಯನ್ನೂ ಕರೆದುಕೊಂಡು ಇಳಕಲ್ಲಿಗೆ ಹೋದ. ಗೆದ್ದಿರೇನು ಎಂದು ಇಬ್ರಾಹಿಂಸಾಬರು ಕೇಳಿದರು.

"ನಾಕು ಗೂಟದಿಂದ ಸೋತ್ವಿರಿ. ಆದ್ರ ನಾ ಆಡಿದೆ. ನಿಮ್ಮಿಂದ ಆಡಿದೆ."

ಇಬ್ರಾಹಿಂಸಾಬರು ಕೈಯಲ್ಲಿದ್ದ ಲಾಳಿ ಕೆಳಗಿಟ್ಟು, ಇಬ್ಬರಿಗೂ ಚಾಪೆ ಹಾಸಿ, ಮೊದಲಿಂದ ಎಲ್ಲವನ್ನೂ ಹೇಳಲು ಕೇಳಿಕೊಂಡರು.