ಮೂರನೇ ಟ್ಯೂಬು

ನನ್ನ ಹೆಸರು ಕುಸುಮಾ. ವಿಜಯನಗರದ ಮಾರ್ಕೆಟ್ ರಸ್ತೆಯ ಲ್ಯಾಬೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಟೆಕ್ನಿಷಿಯನ್. ನನ್ನ ಕೆಲಸದಲ್ಲಿ ತಪ್ಪು ಹುಡುಕಿ ನೋಡೋಣ ಎಂದು ಜಂಬ ಕೊಚ್ಚಿಕೊಂಡು ಓಡಾಡಿದವಳು. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ರಕ್ತದಲ್ಲಿ ಎಚ್‌ಐವಿ ವೈರಸ್ ಎಷ್ಟಿದೆ ಎಂದು ಎಣಿಸುವ ಲ್ಯಾಬುಗಳಿಗೂ ಪರೀಕ್ಷೆ ಇರುತ್ತದೆ. ಒಂದೇ ತರಹದ ಐದು ಟ್ಯೂಬುಗಳು ಎಲ್ಲ ಲ್ಯಾಬಿಗೂ ಬರುತ್ತವೆ. ಒಳಗೆಷ್ಟಿದೆ ಎಂದು ಯಾರಿಗೂ ಹೇಳಿರುವುದಿಲ್ಲ. ಅವರವರ ಯಂತ್ರದಲ್ಲಿ ಎಣಿಸಿ, ಬಂದ ಅಂಕಿ ಕಳಿಸಬೇಕು. ಉಳಿದವರ ಅಂಕಿಗೆ ಹತ್ತಿರವಿದ್ದರೆ ಪಾಸು. ಒಬ್ಬರನ್ನೊಬ್ಬರು ಕೇಳುವ ಹಾಗಿಲ್ಲ.

ನಾನು ಕೇಳಿದೆ. ಮಾರ್ಚಿನಲ್ಲಿ ಮೂರನೇ ಟ್ಯೂಬಿಗೆ ನನಗೆ ಬಂದದ್ದು ಒಂಬೈನೂರು. ಯಾಕೋ ಅನುಮಾನವಾಗಿ ಕೆಂಗೇರಿ ಲ್ಯಾಬಿನ ಸಂಪತ್‌ಗೆ ಫೋನ್ ಮಾಡಿದೆ. ಅವನಿಗೆ ಕೆಲಸ ಕಲಿಸಿದವಳೇ ನಾನು.

“ಮೂರನೇದು ನಿಂಗೆಷ್ಟು ಬಂತೋ?”

“ಎಂಟೂವರೆ ಸಾವಿರ ಅಕ್ಕಾ. ನಿಮ್ದು?”

“ನಂದೂ ಹತ್ತಿರ ಹತ್ತಿರ ಅಷ್ಟೇ ಕಣೋ.”

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಎಂಟು ಸಾವಿರದ ಮುನ್ನೂರು ಎಂದು ಬರೆದು ಕಳಿಸಿದೆ. ಥೇಟ್ ಅವನದನ್ನೇ ಬರೆದರೆ ಸಿಕ್ಕಿಬೀಳುತ್ತೇನೆ ಎನ್ನುವ ಬುದ್ಧಿವಂತಿಕೆ ಬೇರೆ! ಐದಕ್ಕೆ ಐದೂ ಸರಿ ಎಂದು ಸರ್ಟಿಫಿಕೇಟ್ ಬಂತು. ಮಾಲೀಕರು ಎಲ್ಲರಿಗೂ ಮೈಸೂರುಪಾಕು ಹಂಚಿದರು, ನಾನೂ ಎರಡು ತುಂಡು ತಿಂದೆ. ಯಂತ್ರ ಮಾತ್ರ ಆಗಾಗ ಹೀಗೆ ಕಡಿಮೆ ಎಣಿಸುತ್ತಲೇ ಇತ್ತು. ರಿಪೇರಿಯವರನ್ನು ಕರೆಸಿದರೆ ಯಾಕೆ ಎಂದು ಕೇಳುತ್ತಾರಲ್ಲ ಎಂದು ಸುಮ್ಮನಾದೆ.

ಜೂನಿನಲ್ಲಿ ಉಲ್ಲಾಳದ ಹನುಮಕ್ಕನವರ ರಕ್ತ ಎಣಿಸಿ ಎಂಟುನೂರು ಎಂದು ವರದಿ ಕೊಟ್ಟೆ. ಸಾವಿರದೊಳಗಿದ್ದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ. ಆದರೂ ಆಕೆ ಸೊರಗುತ್ತಾ ಹೋದರು. ಸೆಪ್ಟೆಂಬರಿನಲ್ಲಿ ಡಾಕ್ಟರು ರಕ್ತವನ್ನು ಕೆಂಗೇರಿಗೆ ಕಳಿಸಿದರು. ಅಲ್ಲಿ ಒಂಬತ್ತು ಸಾವಿರ ಬಂತು.

ಮಾರನೇ ವಾರ ಹನುಮಕ್ಕ ಎರಡೂ ವರದಿ ಹಿಡಿದುಕೊಂಡು ನನ್ನ ಮುಂದೆ ನಿಂತರು.

“ಮೂರು ತಿಂಗ್ಳಲ್ಲಿ ಹತ್ತು ಪಟ್ಟು ಏರೈತಂತೆ ಮೇಡಂ. ಮಾತ್ರೆ ಬಿಟ್ಟಿದೀಯ ಅಂತ ಡಾಕ್ಟ್ರು ಬೈದ್ರು. ಒಂದಿನಾನೂ ಬಿಟ್ಟಿಲ್ಲ. ನನ್ನ ಮಗ್ಳೂ ನಂಬಲ್ಲ. ದಿನಾ ಮಾತ್ರೆ ಕೊಟ್ಟು, ಬಾಯಿ ತೆಗ್ಸಿ, ನಾಲ್ಗೆ ಎತ್ತಿಸಿ ನೋಡ್ತಾಳೆ. ಅವ್ಳಿಗೆ ತುತ್ತು ತಿನ್ಸಿ ಬೆಳ್ಸಿದೋಳು ನಾನು.”

ಇನ್ನೊಂದು ಸಲ ಟೆಸ್ಟ್ ಮಾಡೋಣ ಬಿಡಿ ಎಂದು ಸಾಗಹಾಕಬಹುದಿತ್ತು, ಹಾಗೆ ಮಾಡಲು ಮನಸ್ಸೂ ಬಂದಿತ್ತು. ಅಷ್ಟರಲ್ಲಿ ಆಕೆ ಕೈಮುಗಿದರು.

“ಎಲ್ಲೋ ನಂದೇ ತಪ್ಪಿರ್ಬೇಕು. ಒಸಿ ನೋಡಿ ಹೇಳಿ ಮೇಡಂ.”

“ನಿಮ್ದಲ್ಲಮ್ಮ, ನಂದು,” ಎಂದೆ.

ಎಲ್ಲ ಹೇಳಿದೆ. ನಮ್ಮ ಯಂತ್ರ ಆಗಾಗ ಕಡಿಮೆ ಎಣಿಸುತ್ತದೆ, ಅದು ನನಗೆ ಗೊತ್ತಿತ್ತು, ಮುಚ್ಚಿಟ್ಟೆ, ಜೂನಿನ ವರದಿಯೇ ತಪ್ಪು. ಆಕೆಯ ಮುಖ ನೋಡುವ ಧೈರ್ಯವಿಲ್ಲದೆ ಮೇಜು ನೋಡುತ್ತ ಹೇಳಿದೆ. ಡಾಕ್ಟರಿಗೂ ಮಾಲೀಕರಿಗೂ ಈಗಲೇ ತಿಳಿಸುತ್ತೇನೆ, ಇಲ್ಲಿಂದ ವರದಿ ಪಡೆದವರನ್ನೆಲ್ಲ ಮತ್ತೆ ಕರೆಸಬೇಕು ಎಂದೂ ಹೇಳಿದೆ. ಇಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಹನುಮಕ್ಕ ಮೊಬೈಲ್ ಒತ್ತಿ ನನ್ನ ಕೈಗೆ ಕೊಟ್ಟರು.

“ಅವ್ರಿಗೆಲ್ಲ ಆಮೇಲೆ ಹೇಳೀರಂತೆ. ಮೊದ್ಲು ನನ್ನ ಮಗಳು ದಿವ್ಯಂಗೆ ಹೇಳಿ.”

ಅದೇ ಮಾತುಗಳನ್ನು ಮತ್ತೆ ಹೇಳಿದೆ. ಎರಡನೇ ಸಲ ಸುಲಭವೇನೂ ಆಗಲಿಲ್ಲ.

“ಅಮ್ಮಂಗೆ ಕೊಡಿ,” ಎಂದಳು ದಿವ್ಯ.

ಹನುಮಕ್ಕ ಫೋನನ್ನು ಕಿವಿಗೆ ಹಿಡಿದು ಸ್ವಲ್ಪ ಹೊತ್ತು ಕೇಳಿಸಿಕೊಂಡರು.

“ಅಳ್ಬೇಡ ಕಣೇ. ನಿನ್ಮೇಲೆ ನಂಗೆ ಬೇಜಾರಿಲ್ಲ.”

ಫೋನ್ ಚೀಲಕ್ಕೆ ಹಾಕಿ, ವರದಿಗಳನ್ನು ಮಡಚಿಕೊಂಡು ನನ್ನ ಕಡೆ ತಿರುಗಿದರು.

“ನಿಮ್ಮೇಲೆ ಐತೆ,” ಎಂದರು.