ಔಷಧಿ ಹಾಕಿದ ಹುಳ

ಮಾರ್ಚ್ 14, ಶುಕ್ರವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಎರಡು ದಿನದ ತರಬೇತಿ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ ಅತ್ತೆಯ ಧ್ವನಿ ಬಂತು.

"ನಿನ್ನ ಮ್ಯಾನೇಜರ್‌ಗೆ ಊಟ ಆಯ್ತಮ್ಮ. ಏಳು ಗಂಟೆಗೇ ಎರಡು ಹಾಕ್ದೆ. ನೀನು ಬರೆದಿದ್ದ ಹಾಗೆ, ಔಷಧಿ ಹಾಕಿದ್ದೇ."

ಮ್ಯಾನೇಜರ್ ಎಂದರೆ ನನ್ನ ಸಾಕು ಹಲ್ಲಿ. ಗೇಣುದ್ದ, ಹಳದಿ ಮೈ, ಮೇಲೆಲ್ಲ ಕಪ್ಪು ಚುಕ್ಕೆ. ಕೂತಲ್ಲಿಂದ ಏಳದೆ, ಬೇಕಾದ್ದೆಲ್ಲ ತನ್ನ ಮುಂದಕ್ಕೆ ಬರಲಿ ಎಂದು ಕಣ್ಣು ಮಿಟುಕಿಸುತ್ತಾ ಕಾಯುವುದರಿಂದ ಅತ್ತೆ ಆ ಹೆಸರಿಟ್ಟರು. ನಾಲ್ಕು ಗ್ರಾಂ ಇದ್ದಾಗ ತಂದದ್ದು, ಈಗ ಐದು ವರ್ಷ. "ಗೋಡೆ ಮೇಲೆ ಪುಕ್ಕಟೆ ಓಡಾಡೋದನ್ನ ಅಂಗಡಿಯಿಂದ ತಂದವಳು ಭೂಮಿ ಮೇಲೆ ನೀನೊಬ್ಬಳೇ" ಎಂದು ಅಂದು ಹಣೆ ಚಚ್ಚಿಕೊಂಡಿದ್ದರು.

ಬ್ಯಾಗು ಇಳಿಸುವಾಗ ಕಪಾಟಿನ ಕಡೆ ಕಣ್ಣು ಹೋಯಿತು. ಮ್ಯಾನೇಜರನ ಊಟದ ಹಿಟ್ಟಿನ ಹುಳುಗಳ ಡಬ್ಬಿ ಇಟ್ಟಂತೆಯೇ ಇತ್ತು. ಅದರ ಪಕ್ಕದ ಹೊಸ ಕ್ಯಾಲ್ಸಿಯಂ ಪುಡಿಯ ಡಬ್ಬಿಗೆ ಸೀಲು ಕೂಡ ಒಡೆದಿರಲಿಲ್ಲ.

"ಅತ್ತೆ, ಪುಡಿ ಹಾಕಿಲ್ವಲ್ಲ?"

"ಯಾವ ಪುಡಿ?"

"ಔಷಧಿ. ಈ ಡಬ್ಬೀದು."

"ಅದರ ಮೇಲೆ ಕ್ಯಾಲ್ಸಿಯಂ ಅಂತ ಇದೆ. ನೀನು ಬರೆದಿದ್ದು ಔಷಧಿ ಅಂತ." ಅತ್ತೆ ಫ್ರಿಜ್ ಬಾಗಿಲಿನ ಚೀಟಿ ಕಿತ್ತು ತಂದು ನನ್ನ ಮುಖದ ಮುಂದೆ ಹಿಡಿದರು. "ಓದು. 'ಶುಕ್ರವಾರ ಬೆಳಿಗ್ಗೆ ಔಷಧಿ ಹಾಕಿದ ಹುಳ ಎರಡು ಕೊಡಿ. ಔಷಧಿ ಇಲ್ಲದ್ದು ಬೇಡ.' ಡಬ್ಬೀಲಿರೋ ಹುಳಕ್ಕೆ ಯಾರೂ ಔಷಧಿ ಹಾಕಿರ್ಲಿಲ್ಲ. ನಿನ್ನೆ ಜಿರಳೆಯವನು ಬಂದು ಸಿಂಕ್ ಕೆಳಗೆ ಔಷಧಿ ಹಾಕಿ ಹೋದ. ಅಲ್ಲಿಂದ ಎರಡು ಹಿಡಿದೆ. ಓಡಲೇ ಇಲ್ಲ ನೋಡು, ಸಾಧು ಪ್ರಾಣಿಗಳ ಹಾಗೆ ಕೈಗೆ ಬಂದ್ವು."

ವಿಷ ತಿಂದ ಜಿರಳೆ ಓಡುವುದಾದರೂ ಹೇಗೆ? ನೇರ ಗಾಜಿನ ಪೆಟ್ಟಿಗೆಯ ಹತ್ತಿರ ಹೋದೆ.

ಮೂಲೆಯಲ್ಲಿ ಒಂದು ಜಿರಳೆ ಅಂಗಾತ ಬಿದ್ದು ಕಾಲು ಆಡಿಸುತ್ತಿತ್ತು. ಇನ್ನೊಂದು ಕಾಣಲಿಲ್ಲ. ಮ್ಯಾನೇಜರ್ ತನ್ನ ಮಣ್ಣಿನ ಗೂಡಿನಿಂದ ಅರ್ಧ ಮುಖ ಹೊರಗಿಟ್ಟು ನನ್ನನ್ನೇ ನೋಡುತ್ತಿತ್ತು.

ಪ್ರಾಣಿ ಡಾಕ್ಟರಿಗೆ ಫೋನ್ ಮಾಡಿದೆ. "ವಿಷದ ಜೆಲ್ ತಿಂದ ಜಿರಳೇನಾ? ಮೊದಲು ಅದು ತಿಂದಿದೆಯಾ ಇಲ್ವಾ ತಿಳ್ಕೊಳ್ಳಿ. ನಾನು ಈಗ ಆಪರೇಷನ್‌ಗೆ ನಿಂತಿದೀನಿ, ಹನ್ನೊಂದೂವರೆಗೆ ಟೇಬಲ್ ಖಾಲಿಯಾಗುತ್ತೆ. ತಿಂದಿದ್ರೆ, ಇಲ್ಲಾ ಕಾಲು ನಡುಗಿದ್ರೆ, ತಕ್ಷಣ ಹೊರಡಿ. ನೀವಾಗಿ ಏನೂ ಕುಡಿಸಬೇಡಿ."

ಜೀವಂತ ಜಿರಳೆಯನ್ನು ಚಿಮಟದಲ್ಲಿ ಎತ್ತಿ ಬಾಟಲಿಗೆ ಹಾಕಿದೆ. ನೀರಿನ ಬಟ್ಟಲು ಎತ್ತಿದೆ. ಹಾಸಿದ ಕಾಗದ ಮಡಚಿದೆ. ಗೂಡು ಬಗ್ಗಿಸಿ ನೋಡಿದೆ. ನೋಡಿದ ಜಾಗವನ್ನೇ ಮತ್ತೆ ನೋಡಿದೆ. ಪೆಟ್ಟಿಗೆ ಬೆಚ್ಚಗಿಡುವ ಹಾಸಿನ ವೈರು ಹಾಯುವ ಕಡೆ ಮುಚ್ಚಳದಲ್ಲಿ ಬೆರಳಗಲ ಸಂದಿಯಿತ್ತು. ಅಲ್ಲಿಂದ ಹೊರಗೆ ಹೋಗಿರಬಹುದು. ಹೊಟ್ಟೆಯೊಳಕ್ಕೂ ಹೋಗಿರಬಹುದು. ಅತ್ತೆ ಟಾರ್ಚು ಹಿಡಿದು ಮೇಜಿನ ಕೆಳಗೆ ಮಂಡಿಯೂರಿದ್ದರು.

"ಬೈಯ್ಯಮ್ಮ, ಸುಮ್ನೆ ಇರಬೇಡ," ಎಂದರು ಕೆಳಗಿನಿಂದಲೇ.

ಬೈಯಲು ಏನಿತ್ತು? ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಬರೀ 'ದ್ರಾವಣ' ಎಂದು ಬರೆದ ಬಾಟಲಿ ಸಿಕ್ಕಿದರೆ ಒಳಗೇನಿದೆ ಎಂದು ಕೇಳುವ ಗೋಜಿಗೂ ಹೋಗದೆ ಅದನ್ನು ಬೇರೆ ಇಡುತ್ತೇನೆ, ಬರೆದವರನ್ನು ಕರೆಸುತ್ತೇನೆ. ಮನೆಯಲ್ಲಿ ಮಾತ್ರ ಮೂಳೆ ಗಟ್ಟಿಮಾಡುವ ಪುಡಿಯೂ ಔಷಧಿ, ಜಿರಳೆ ಕೊಲ್ಲುವ ವಿಷವೂ ಔಷಧಿ. ಅತ್ತೆಯಾದರೂ ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗಿದವರು. ಬರೆದದ್ದನ್ನು ಬರೆದ ಹಾಗೆ ಮಾಡುವುದು ಅವರ ರಕ್ತದಲ್ಲೇ ಇತ್ತು.

ಪಾರ್ಸೆಲ್ ಎಂದುಕೊಂಡ ಕೂಡಲೇ ಕೈ ನಿಂತಿತು.

"ಅತ್ತೆ, ಚೀಟಿಯಲ್ಲಿ ತೂಕ ನೋಡೋಕೂ ಬರೆದಿದ್ದೆ."

"ನೋಡಿದೀನಿ. ಅಷ್ಟೂ ಗೊತ್ತಾಗಲ್ವಾ ನಂಗೆ?" ಅತ್ತೆ ಮೇಜು ಹಿಡಿದು ಎದ್ದು ಕ್ಯಾಲೆಂಡರಿನ ಹಿಂಬದಿ ತೋರಿಸಿದರು. ದುಂಡಗಿನ ಅಕ್ಷರ: 'ಹಲ್ಲಿ, ಊಟಕ್ಕೆ ಮೊದಲು, ಡಬ್ಬಿ ಕಳೆದು, 61.3. ಹುಳ, ಎರಡೂ ಸೇರಿ, ಡಬ್ಬಿ ಕಳೆದು, 1.8.'

"ಹುಳಾನೂ ತೂಗಿದ್ರಾ?"

"ಒಳಗೆ ಹೋಗೋದೆಲ್ಲ ತೂಕ ಆಗೇ ಹೋಗಬೇಕು. ಅಭ್ಯಾಸ ಬಿಡುತ್ತಾ?"

ಬಾಟಲಿಯ ಜಿರಳೆಯನ್ನು ತೂಗಿದೆ: 0.9. ಹಾಗಾದರೆ ಕಾಣೆಯಾದದ್ದೂ 0.9. ತಿಂದಿದ್ದರೆ ಮ್ಯಾನೇಜರ್ 62ರ ಮೇಲಿರಬೇಕು.

"ಕಾಗದ ಯಾವಾಗ ಬದಲಾಯಿಸಿದ್ರಿ?"

"ಊಟ ಹಾಕೋ ಮುಂಚೆ. ಕೊಳೇಲಿ ಯಾರಾದ್ರೂ ಊಟ ಹಾಕ್ತಾರಾ?"

ಕಾಗದದ ಮೇಲೆ ಹಿಕ್ಕೆ ಇರಲಿಲ್ಲ, ಒದ್ದೆಯೂ ಇರಲಿಲ್ಲ. ಲೆಕ್ಕ ಕೆಡಿಸುವಂಥದ್ದು ಏನೂ ಹೊರಗೆ ಬಂದಿಲ್ಲ.

ಅತ್ತೆಯೇ ಡಬ್ಬಿ ತಂದು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದರು. ಮ್ಯಾನೇಜರನ್ನು ಎರಡು ಕೈಯಲ್ಲೂ ಎತ್ತಿ ಒಳಗೆ ಬಿಟ್ಟೆ. ಅದು ಸುಮ್ಮನಿರಲಿಲ್ಲ. ಒಂದು ಸುತ್ತು ಬಂತು, ಗೋಡೆ ಹತ್ತಲು ನೋಡಿತು, ಬಾಲ ಹೊರಗೆ ಚಾಚಿತು. 60.8. 62.4. 61.9.

"ಕೂತ್ಕೊಳೋ ಮಹರಾಯ," ಎಂದು ಅತ್ತೆ ಕೈ ಮುಗಿದರು. "ಇಷ್ಟು ದಿನ ಅಲ್ಲಾಡದವನು ಇವತ್ತೇ ಡ್ಯೂಟಿಗೆ ಹೊರಡಬೇಕಾ?"

ನಾನು ಡಬ್ಬಿಯ ಮೇಲೆ ಅಂಗೈ ಅಡ್ಡ ಹಿಡಿದು ನೆರಳು ಮಾಡಿದೆ. ಅದು ತಲೆ ತಗ್ಗಿಸಿತು. ಒಂದು ಕಣ್ಣು ಮುಚ್ಚಿತು, ಆಮೇಲೆ ಇನ್ನೊಂದು. ಕೊನೆಯ ಅಂಕಿ ಎರಡು ಸಲ ಅತ್ತಿತ್ತ ಆಡಿ ನಿಂತಿತು. ನಾನು ಹತ್ತರವರೆಗೆ ಎಣಿಸಿದೆ. ಬದಲಾಗಲಿಲ್ಲ.

ಅತ್ತೆ ಕನ್ನಡಕ ಏರಿಸಿಕೊಂಡು, ಗಡಿಯಾರ ನೋಡಿ, ಕ್ಯಾಲೆಂಡರಿನ ಹಿಂದೆ ಒಂದೊಂದೇ ಅಕ್ಷರ ಒತ್ತಿ ಬರೆದರು: ಹಲ್ಲಿ, 10 ಗಂಟೆ 58 ನಿಮಿಷ, ಡಬ್ಬಿ ಕಳೆದು, 61.2 ಗ್ರಾಂ.