ರಾಕಿಯಾದಲ್ಲಿ ಅದ್ದಿದ ಬಟ್ಟೆ

ಸ್ತಾಮೆನಾ ಆ ಬೆಟ್ಟದೂರಿನ ಆರೋಗ್ಯ ಕೇಂದ್ರದಲ್ಲಿ ಮೂವತ್ತೊಂದು ವರ್ಷಗಳಿಂದ ನರ್ಸು. ಅವಳ ಕೈಗೆ ಬಂದ ಗಾಯ ಒಂದೂ ಕೀವಾಗಿದ್ದಿಲ್ಲ. ಇದನ್ನು ಅವಳೇ ಊರಿಗೆಲ್ಲ ಹೇಳಿದ್ದಳು, ಕೇಳದವರಿಗೂ ಹೇಳಿದ್ದಳು. ಗುಟ್ಟೆಂದರೆ ರಾಕಿಯಾ. ಗಂಡ ಮಿಲಿವೋಯೆ ಹಿತ್ತಲಿನ ಪ್ಲಮ್ ಹಣ್ಣು ಕೊಳೆಸಿ ಬಟ್ಟಿ ಇಳಿಸುವಾಗ ಮೊಟ್ಟಮೊದಲು ತೊಟ್ಟಿಕ್ಕುವ ಸಾರಾಯಿ, ಕಡ್ಡಿ ಗೀರಿದರೆ ನೀಲಿಯಾಗಿ ಉರಿಯುವಂಥದ್ದು, ಅವಳ ಪಾಲಿಗೆಂದೇ ಬೇರೆ ಸೀಸೆಗೆ ಹೋಗುತ್ತಿತ್ತು. ಗಾಯಕ್ಕೆ ಅದೇ, ಹಲ್ಲುನೋವಿಗೆ ಅದೇ, ಕಿಟಕಿಯ ಗಾಜಿಗೂ ಅದೇ. ಮಕ್ಕಳಿಗೆ ಜ್ವರ ಬಂದರೆ ಕಾಲುಚೀಲವನ್ನು ಅದರಲ್ಲಿ ನೆನೆಸಿ ತೊಡಿಸುತ್ತಾರೆ. ಬೆಳಗಾಗುವುದರೊಳಗೆ ಜ್ವರ ಇಳಿದಿರುತ್ತದೆ, ಇಲ್ಲವೇ ಮಗು ಅಮಲಿಗೆ ಮಲಗಿರುತ್ತದೆ. ಎರಡೂ ಒಂದೇ ಎನ್ನುವವರು ಅಲ್ಲಿ ಬೇಕಾದಷ್ಟಿದ್ದಾರೆ.

ಎರಡು ವರ್ಷದ ಕೆಳಗೆ ಕೇಂದ್ರಕ್ಕೆ ಒಂದು ಸಣ್ಣ ಸ್ಕ್ಯಾನಿಂಗ್ ಮಷೀನು ಬಂತು, ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟು ಹಗುರ. ಡಾಕ್ಟರು ತಿಯಾನಾ ಪಟ್ಟಣದಿಂದ ಬರುವುದು ಮಂಗಳವಾರ ಮಾತ್ರ. ಉಳಿದ ಆರು ದಿನ ಅದರ ಆರೈಕೆ ಸ್ತಾಮೆನಾಳದ್ದು. ಜೊತೆಯಲ್ಲಿ ಒರೆಸುವ ಒದ್ದೆ ಕಾಗದಗಳ ಒಂದು ಡಬ್ಬಿಯೂ ಬಂದಿತ್ತು. ಸ್ತಾಮೆನಾ ಮೂಸಿ ನೋಡಿದಳು, ವಾಸನೆಯೇ ಇಲ್ಲ. ವಾಸನೆ ಇಲ್ಲದ್ದು ಕ್ರಿಮಿಯನ್ನು ಹೇಗೆ ಕೊಲ್ಲುತ್ತದೆ? ಆದರೂ ಡಬ್ಬಿ ನೋಡಲು ಚೆನ್ನಾಗಿತ್ತು. ತನಿಖೆಯವರು ಬಂದಾಗ ತೋರಿಸೋಣವೆಂದು ಸೀಲು ಒಡೆಯದೆ ಬೀರುವಿನಲ್ಲಿಟ್ಟಳು, ಮನೆಯ ಒಳ್ಳೆಯ ತಟ್ಟೆಗಳನ್ನು ನೆಂಟರಿಗೆಂದು ಎತ್ತಿಡುವ ಹಾಗೆ. ಆಮೇಲೆ ದಿನಾ ಸಂಜೆ, ಹೊಟ್ಟೆಯ ಮೇಲೆ ಆಡಿಸುವ ಆ ಅಂಗೈಯಗಲದ ಪ್ರೋಬಿಗೆ ರಾಕಿಯಾದಲ್ಲಿ ಅದ್ದಿದ ಬಟ್ಟೆ ಸುತ್ತಿ, ಮಷೀನಿನ ಪ್ಲಗ್ಗು ಗೋಡೆಗೆ ಚುಚ್ಚಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಮನೆಗೆ ಹೋಗುತ್ತಿದ್ದಳು. ಹೆತ್ತ ಮಗುವನ್ನೂ ಅವಳು ಅಷ್ಟು ಮುತುವರ್ಜಿಯಿಂದ ಮಲಗಿಸಿರಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ಯಾಗೊದಾ ಬಂದಳು. ಮೂವತ್ತೆಂಟು ವಯಸ್ಸು, ಎರಡು ಸಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ಇದು ಮೂರನೆಯದು, ಏಳು ತಿಂಗಳು. ಗಂಡ ರಾದಿಶಾ ಟ್ರ್ಯಾಕ್ಟರ್ ನಿಲ್ಲಿಸಿ ಹೊರಗೆ ಬೆಂಚಿನ ಮೇಲೆ ಕೂತ.

"ನಿನ್ನೆಯಿಂದ ಅಲ್ಲಾಡ್ತಿಲ್ಲ ಚಿಕ್ಕಮ್ಮ," ಎಂದಳು ಯಾಗೊದಾ.

"ಅಪ್ಪನ ಥರ ಸೋಮಾರಿ ಇರ್ಬೇಕು ಬಿಡೆ. ಮಲ್ಕೋ," ಎಂದಳು ಸ್ತಾಮೆನಾ. ಊರಿಗೆಲ್ಲ ಅವಳು ಚಿಕ್ಕಮ್ಮನೇ.

ತಿಯಾನಾ ಜೆಲ್ ಹಚ್ಚಿ ಪ್ರೋಬ್ ಇಟ್ಟಳು. ಪರದೆಯ ಮೇಲೆ ತಲೆ ಕಂಡಿತು, ಬೆನ್ನಿನ ಮಣಿಗಳು ಕಂಡವು. ಎದೆ ಇರಬೇಕಾದಲ್ಲಿ ಅಂಗುಲದಗಲ ಕಪ್ಪು ಪಟ್ಟಿ. ಓರೆ ಮಾಡಿದಳು, ಕಪ್ಪು. ಅದುಮಿದಳು, ಕಪ್ಪೇ. ಡಾಕ್ಟರ ಮುಖ ಬಿಳಿಚಿಕೊಳ್ಳುವುದನ್ನು ಸ್ತಾಮೆನಾ ನೋಡಿದಳು. ಮೂವತ್ತೊಂದು ವರ್ಷದಲ್ಲಿ ಅಂಥ ಮುಖವನ್ನು ಅವಳು ನಾಲ್ಕೈದು ಸಲ ಕಂಡಿದ್ದಳು, ಪ್ರತಿ ಸಲವೂ ಅದಕ್ಕೆ ಒಂದೇ ಅರ್ಥವಿತ್ತು.

"ಮೂರನೇದೂ ಹೋಯ್ತಾ?" ಯಾಗೊದಾ ಸೂರು ನೋಡುತ್ತಲೇ ಕೇಳಿದಳು. "ಹೇಳ್ಬಿಡಿ ಡಾಕ್ಟ್ರೇ. ನಂಗೆ ಅಭ್ಯಾಸ ಆಗಿದೆ."

ತಿಯಾನಾ ಬಾಯಿ ತೆರೆಯುವಷ್ಟರಲ್ಲಿ ಯಾಗೊದಾ "ಅಯ್ಯಮ್ಮಾ!" ಎಂದು ಚೀರಿ ಮಂಚದಿಂದ ಒಂದು ಗೇಣು ಮೇಲೆ ಹಾರಿದಳು. "ಚುಚ್ತು! ಜುಮ್ಮಂತು, ಕರೆಂಟ್ ಹೊಡ್ದಂಗೆ!"

ಡಾಕ್ಟರು ಪ್ರೋಬನ್ನು ಕೆಂಡ ಮುಟ್ಟಿದವಳಂತೆ ಎತ್ತಿ, ಎರಡೇ ಹೆಜ್ಜೆಗೆ ಗೋಡೆಯ ಪ್ಲಗ್ಗು ಕಿತ್ತಳು. ಆಮೇಲೆ ಜೆಲ್ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದಳು. ಪ್ರೋಬಿನ ಮುಖದ ರಬ್ಬರು ಬಿಳಿಚಿಕೊಂಡು, ಚಳಿಗಾಲದ ಹಿಮ್ಮಡಿಯಂತೆ ಬಿರಿದಿತ್ತು. ಬಿರುಕಿನೊಳಗೆ ಜೆಲ್ ಇಳಿದಿತ್ತು.

"ಸಿಸ್ಟರ್, ಇದನ್ನ ಯಾವುದ್ರಲ್ಲಿ ಒರೆಸ್ತೀರ?"

"ಒಳ್ಳೇದ್ರಲ್ಲೇ," ಎಂದಳು ಸ್ತಾಮೆನಾ. "ನಮ್ಮನೆಯವ್ರ ಮೊದಲ ಇಳಿತದ ರಾಕಿಯಾ. ರಾತ್ರಿಯೆಲ್ಲಾ ಪಟ್ಟಿ ಸುತ್ತಿ ಇಡ್ತೀನಿ ಡಾಕ್ಟ್ರಮ್ಮ, ಒಂದಿನಾನೂ ತಪ್ಪಿಸಿಲ್ಲ."

ತಿಯಾನಾ ಪ್ರೋಬನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿಕೊಂಡಳು. "ಒಂದಿನ ತಪ್ಪಿಸಿದ್ರೆ ಚೆನ್ನಾಗಿತ್ತು. ಸಾರಾಯಿ ಈ ರಬ್ಬರನ್ನ ತಿಂದುಹಾಕುತ್ತೆ. ಒಳಗೆ ಕರೆಂಟ್ ಇದೆ ಸಿಸ್ಟರ್, ಒಡೆದಲ್ಲಿಂದ ಹೊರಗೆ ಬರುತ್ತೆ. ಆ ಕಪ್ಪು ಪಟ್ಟಿ ಮಗೂದಲ್ಲ, ಇದರದ್ದು. ಹೋದ ವಾರ ಪರದೆ ಮೇಲೆ ಸಣ್ಣ ಗೆರೆ ಕಂಡಾಗ್ಲೇ ನಾನು ಮಷೀನು ನಿಲ್ಲಿಸ್ಬೇಕಿತ್ತು."

ಸ್ತಾಮೆನಾ ಬೀರುವನ್ನು ಹಿಡಿದು ನಿಂತಳು. ಕೊಳೆ ಕೈ ಇಟ್ಟು ಕೆಡಿಸಿದ್ದರೆ ಒಂದು ಮಾತು. ಇವಳು ಕೆಡಿಸಿದ್ದು ಅಕ್ಕರೆಯಿಂದ, ದಿನಕ್ಕೊಂದು ಸಲ, ಎರಡು ವರ್ಷ. ಯಾಗೊದಾಳ ಹೊಟ್ಟೆಗೆ ಕರೆಂಟು ಮುಟ್ಟಿಸಿದ್ದು ತನ್ನ ಕೈ ಎಂಬುದು ಅವಳ ತಲೆಗೆ ಹೋಯಿತು.

"ಹಂಗಾದ್ರೆ ನನ್ ಮಗು?" ಎಂದಳು ಯಾಗೊದಾ.

"ಮರದ ತುತ್ತೂರಿ ಇದ್ಯಾ?" ತಿಯಾನಾ ಕೇಳಿದಳು. "ಹಳೇದು, ಹೊಟ್ಟೆ ಮೇಲಿಟ್ಟು ಮಗೂ ಎದೆಬಡಿತ ಕೇಳೋದು."

ಇತ್ತು. ಸ್ತಾಮೆನಾಳ ಮೇಜಿನ ಮೇಲೆ ಅದು ದಾರದುಂಡೆ ಸಿಕ್ಕಿಸುವ ಕಡ್ಡಿಯಾಗಿತ್ತು. ದಾರ ಕಿತ್ತು ತಂದು ಡಾಕ್ಟರ ಕೈಗೆ ಕೊಡಹೋದಳು.

"ನಂಗೆ ಬರಲ್ಲ ಸಿಸ್ಟರ್. ಕಾಲೇಜಲ್ಲಿ ಒಂದೇ ಸಲ ಹಿಡಿದಿದ್ದು. ನೀವೇ ಕೇಳಿ."

"ನಾನಾ? ಇಷ್ಟೆಲ್ಲಾ ಆದ್ಮೇಲೆ ನನ್ ಕೈ ಇವಳನ್ನ ಮುಟ್ಬೇಕಾ?"

"ಚಿಕ್ಕಮ್ಮ," ಯಾಗೊದಾ ಅವಳ ಮುಂಗೈ ಹಿಡಿದಳು, "ಅಳೋದು ಆಮೇಲೆ. ಕೇಳು."

ಸ್ತಾಮೆನಾ ಬೆರಳಿನಿಂದ ಮಗುವಿನ ಬೆನ್ನು ತಡವಿ ಗುರುತು ಮಾಡಿ, ತುತ್ತೂರಿ ಇಟ್ಟು ಬಾಗಿದಳು. ಡಬ್‌ ಡಬ್‌ ಎಂದು ಕೇಳಿತು. ಮುಖ ಅರಳಲಿಲ್ಲ. ಅದು ತಾಯಿಯ ರಕ್ತದ ಸದ್ದೂ ಇರಬಹುದು. ತಾಯಿಯ ಬಡಿತವನ್ನೇ ಮಗುವಿನದೆಂದು ಸಂತೋಷಪಟ್ಟು ಮನೆಗೆ ಕಳಿಸಿದವರ ಕಥೆ ಅವಳಿಗೆ ಗೊತ್ತಿತ್ತು. ಇವತ್ತು ಇನ್ನೊಂದು ತಪ್ಪಿಗೆ ಜಾಗವಿರಲಿಲ್ಲ.

"ಇವಳ ನಾಡಿ ಹಿಡಿದು ಮೇಜು ತಟ್ಟಿ ಡಾಕ್ಟ್ರಮ್ಮ."

ತಿಯಾನಾ ನಾಡಿ ಹಿಡಿದು ಬೆರಳಿನಿಂದ ತಟ್ಟತೊಡಗಿದಳು. ತುತ್ತೂರಿಯ ಸದ್ದು ತಟ್ಟುವುದಕ್ಕೆ ಸರಿಯಾಗಿ ಜೊತೆ ಬಂತು. ತಾಯಿಯದೇ. ಸ್ತಾಮೆನಾ ಎರಡು ಬೆರಳಗಲ ಕೆಳಗೆ ಸರಿಸಿದಳು. ಏನೂ ಇಲ್ಲ. ಇನ್ನೆರಡು ಬೆರಳು. ಹೊರಗೆ ರಾದಿಶಾ ಕೆಮ್ಮಿದ. ಮತ್ತೆ ಸರಿಸಿದಳು, ಉಸಿರು ಬಿಗಿಹಿಡಿದಳು.

ಅಲ್ಲಿತ್ತು. ಬಹಳ ಮೆಲ್ಲಗೆ, ಬಹಳ ಬೇಗಬೇಗ. ಮೇಜು ಎರಡು ಸಲ ತಟ್ಟುವುದರೊಳಗೆ ಅದು ಮೂರು ಸಲ ಬಡಿಯುತ್ತಿತ್ತು. ಗಡಿಯಾರ ನೋಡುತ್ತ ಪೂರಾ ಒಂದು ನಿಮಿಷ ಎಣಿಸಿದಳು.

"ನೂರಾ ನಲವತ್ನಾಲ್ಕು," ಎಂದಳು. "ಇದಾನೆ ಕಳ್ಳ. ಇದಾನೆ ಕಣೇ."

ಯಾಗೊದಾ ತೋಳಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿದಳು. ತಿಯಾನಾ ಪಟ್ಟಣದ ಆಸ್ಪತ್ರೆಗೆ ಫೋನ್ ಮಾಡಿದಳು. ಮಗು ಯಾಕೆ ಅಲ್ಲಾಡುತ್ತಿಲ್ಲ, ಕರೆಂಟಿನಿಂದ ಏನಾದರೂ ಆಗಿದೆಯೇ, ಇವತ್ತೇ ಅಲ್ಲಿ ನೋಡಬೇಕು, ತನ್ನ ಕಾರಿನಲ್ಲೇ ಕರೆತರುತ್ತೇನೆ ಎಂದಳು. ಮಷೀನಿನ ಮೇಲೆ 'ಮುಟ್ಟಬಾರದು' ಎಂದು ಬರೆದು ಅಂಟಿಸಿದಳು.

ಸುದ್ದಿ ಕೇಳಿದ ರಾದಿಶಾ ಕಣ್ಣೊರೆಸಿಕೊಳ್ಳುತ್ತ ಒಳಜೇಬಿನಿಂದ ಚಪ್ಪಟೆ ಸೀಸೆ ತೆಗೆದ. "ಮೊದಲ ಗುಟುಕು ನಿನ್ದೇ ಚಿಕ್ಕಮ್ಮ. ನಿನ್ ಕಿವಿ ಬಂಗಾರ!"

ಶುಭಸುದ್ದಿಯ ಗುಟುಕನ್ನು ಆ ಊರಿನಲ್ಲಿ ಯಾರೂ ಬೇಡವೆನ್ನುವುದಿಲ್ಲ. ಸ್ತಾಮೆನಾ ಸೀಸೆ ತೆಗೆದುಕೊಂಡಳು. ಪ್ಲಮ್ಮಿನ ವಾಸನೆ ಮೂಗಿಗೆ ಬಡಿದದ್ದೇ ಅದನ್ನು ಅವನ ಕೈಗೇ ಮರಳಿಸಿದಳು.

"ಮುಚ್ಚಳ ಹಾಕಪ್ಪ," ಎಂದಳು. "ಮಗು ಕೈಗೆ ಬರ್ಲಿ."

ಕಾರು ಹೊರಟ ಮೇಲೆ ಅವಳು ಬೀರು ತೆಗೆದು, ಎರಡು ವರ್ಷ ಕಾಪಾಡಿದ ಡಬ್ಬಿಯ ಸೀಲು ಒಡೆದಳು. ಒದ್ದೆ ಕಾಗದಗಳ ಮೇಲೆ ಒಂದು ದಪ್ಪ ಹಾಳೆ ಮಡಿಸಿಟ್ಟಿತ್ತು. ಓದು ಬಾರದವರಿಗೂ ತಿಳಿಯಲೆಂದು ಅದರಲ್ಲಿ ಚಿತ್ರ ಬರೆದಿದ್ದರು: ಒಂದು ಪ್ರೋಬು, ಪಕ್ಕದಲ್ಲಿ ಒಂದು ಸೀಸೆ, ಸೀಸೆಯ ಮೇಲೆ ಒಂದನ್ನೊಂದು ಕತ್ತರಿಸುವ ಎರಡು ಕೆಂಪು ಗೆರೆ.

ಸ್ತಾಮೆನಾ ಆ ಹಾಳೆ ಹಿಡಿದು ಯಾಗೊದಾ ಮಲಗಿದ್ದ ಮಂಚದ ಮೇಲೆ ಕುಸಿದು ಕೂತಳು. ಹಾಸಿಗೆಯ ಮೇಲೆ ಜೆಲ್ಲು ಇನ್ನೂ ಒದ್ದೆಯಾಗಿತ್ತು.